ಮೋಟಾರ್‌ಹೋಮ್‌ಗೆ ಕರೆಂಟು: ಕೇಬಲ್, ಪ್ಲಗ್, ಹುಕ್‌ಅಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಬಂತೆಂದರೆ ಅಮೆರಿಕದಲ್ಲಿರುವ ಎಷ್ಟೋ ಕನ್ನಡಿಗರು ಅಡುಗೆಮನೆ, ಹಾಸಿಗೆ ಎಲ್ಲಾ ಇರುವ ಮೋಟಾರ್‌ಹೋಮ್, ಅಂದರೆ ಆರ್‌ವಿ ಬಾಡಿಗೆಗೆ ಹಿಡಿದು ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ಕಡೆ ಹೊರಡುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಿದ್ದರಂತೂ ಹೋಟೆಲ್‌ಗಿಂತ ಇದೇ ವಾಸಿ. ಮನೆ ಊಟ, ಕೂತಲ್ಲೇ ಬಾತ್‌ರೂಮು. ಗಾಡಿ ಕೊಡುವವರು ಓಡಿಸುವುದು, ನೀರು ತುಂಬಿಸುವುದು, ಟ್ಯಾಂಕ್ ಖಾಲಿ ಮಾಡುವುದು ಎಲ್ಲವನ್ನೂ ತೋರಿಸುತ್ತಾರೆ. ಕರೆಂಟಿನ ವಿಷಯ ಬಂದಾಗ ಮಾತ್ರ "ಈ ಕೇಬಲ್ ಆ ಪೆಟ್ಟಿಗೆಗೆ ಚುಚ್ಚಿ" ಅಂದು ಮುಗಿಸಿಬಿಡುತ್ತಾರೆ. ಹೊಸಬರಿಂದ ನಾನು ಹೆಚ್ಚು ಕೇಳಿಸಿಕೊಂಡ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದಿದ್ದರೆ ಪ್ಲಗ್ ಬಿಸಿಯಾಗುವ ಪ್ರಶ್ನೆಯನ್ನಾದರೂ ಓದಿ.

ಹುಕ್‌ಅಪ್ ಅಂದರೆ ಏನು?

ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಮ್ಮ ಜಾಗದ ಪಕ್ಕದಲ್ಲಿ ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗಿನ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಪೆಡೆಸ್ಟಲ್ ಅನ್ನುತ್ತಾರೆ. ಮುಚ್ಚಳ ಎತ್ತಿದರೆ ಒಳಗೆ ಎರಡು ಮೂರು ಬಗೆಯ ಸಾಕೆಟ್, ಪ್ರತಿಯೊಂದಕ್ಕೂ ಒಂದು ಬ್ರೇಕರ್. ಕರೆಂಟು ಮಾತ್ರ ಇದ್ದರೆ ಅದು ಎಲೆಕ್ಟ್ರಿಕ್ ಸೈಟ್. ಕರೆಂಟು, ನೀರು, ಕೊಳಚೆ ಪೈಪು ಮೂರೂ ಇದ್ದರೆ ಫುಲ್ ಹುಕ್‌ಅಪ್. ಬುಕ್ ಮಾಡುವಾಗಲೇ ಯಾವುದು, ಎಷ್ಟು ಆಂಪ್ ಅಂತ ನೋಡಿಕೊಳ್ಳಿ.

ನನ್ನ ಗಾಡಿ 30 ಆಂಪ್‌ದೋ 50 ಆಂಪ್‌ದೋ ತಿಳಿಯುವುದು ಹೇಗೆ?

ಪ್ಲಗ್ ನೋಡಿದರೆ ಸಾಕು. ಮೂರು ಕಡ್ಡಿ ಇದ್ದರೆ 30 ಆಂಪ್: ಓರೆಯಾಗಿ ನಿಂತ ಎರಡು ಚಪ್ಪಟೆ ಕಡ್ಡಿ, ಒಂದು ದುಂಡನೆಯ ಅರ್ಥ್ ಕಡ್ಡಿ. ಇದರ ಹೆಸರು ಟಿಟಿ-30. ನಾಲ್ಕು ಕಡ್ಡಿ ಇದ್ದರೆ 50 ಆಂಪ್, ಅದು 14-50. ಬಾಡಿಗೆಗೆ ಸಿಗುವ ಕ್ಲಾಸ್ ಸಿ ಗಾಡಿಗಳು, ಅಂದರೆ ಡ್ರೈವರ್ ತಲೆ ಮೇಲೆ ಹಾಸಿಗೆ ಚಾಚಿಕೊಂಡಿರುವಂಥವು, ಹೆಚ್ಚಿನವು 30 ಆಂಪ್‌ನವು. ಬಸ್ಸಿನಷ್ಟು ದೊಡ್ಡ ಕ್ಲಾಸ್ ಎ ಗಾಡಿಗಳಲ್ಲಿ ಎರಡು ಎಸಿ ಇರುವುದರಿಂದ ಸಾಮಾನ್ಯವಾಗಿ 50 ಇರುತ್ತದೆ.

50 ಅಂದರೆ 30ಕ್ಕಿಂತ ಇಪ್ಪತ್ತು ಜಾಸ್ತಿ, ಅಷ್ಟೇ ಅಲ್ವಾ?

ಅಲ್ಲ, ವ್ಯತ್ಯಾಸ ತುಂಬಾ ದೊಡ್ಡದು. 30 ಆಂಪ್ ಪ್ಲಗ್‌ನಲ್ಲಿ ಒಂದೇ ಫೇಸ್, 120 ವೋಲ್ಟ್. ಗುಣಿಸಿದರೆ 3,600 ವ್ಯಾಟ್. 50 ಆಂಪ್ ಪ್ಲಗ್‌ನಲ್ಲಿ ಎರಡು ಫೇಸ್ ತಂತಿಗಳಿವೆ. ಒಂದೊಂದರಲ್ಲೂ 120 ವೋಲ್ಟ್, ಒಂದೊಂದರಲ್ಲೂ 50 ಆಂಪ್. ಒಟ್ಟು 12,000 ವ್ಯಾಟ್. ಹಾಗಾಗಿ 50ರ ಗಾಡಿಯಲ್ಲಿ ಎರಡು ಎಸಿ, ಮೈಕ್ರೋವೇವ್, ಬಿಸಿನೀರು ಎಲ್ಲಾ ಒಟ್ಟಿಗೆ ನಡೆಯುತ್ತವೆ. 30ರ ಗಾಡಿಯಲ್ಲಿ ಲೆಕ್ಕ ಹಾಕಿ ಬಾಳಬೇಕು.

ಊರಿನ ಲೆಕ್ಕದಲ್ಲಿ ಹೇಳುವುದಾದರೆ, ನಮ್ಮ ಮನೆಗಳಲ್ಲಿ ಗೀಸರ್‌ಗೆ ಹಾಕಿಸುವ 16 ಆಂಪ್ ಸಾಕೆಟ್ 230 ವೋಲ್ಟ್‌ನಲ್ಲಿ 3,680 ವ್ಯಾಟ್ ಕೊಡುತ್ತದೆ. ಅಂದರೆ 30 ಆಂಪ್ ಗಾಡಿಯ ಇಡೀ ಸಂಸಾರ ನಡೆಯುವುದು ಹೆಚ್ಚು ಕಡಿಮೆ ಒಂದು ಗೀಸರ್ ಪಾಯಿಂಟಿನಷ್ಟು ಕರೆಂಟಿನಲ್ಲಿ.

ಹಾಗಾದರೆ 30 ಆಂಪ್‌ನಲ್ಲಿ ಏನೇನು ಒಟ್ಟಿಗೆ ಓಡಿಸಬಹುದು?

ಮೊದಲು ಯಾವುದು ಎಷ್ಟು ಎಳೆಯುತ್ತದೆ ಅಂತ ನೋಡೋಣ. ಚಾವಣಿ ಮೇಲಿನ ಎಸಿ ಓಡುತ್ತಿರುವಾಗ ಸುಮಾರು 13ರಿಂದ 15 ಆಂಪ್. ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಮೈಕ್ರೋವೇವ್ 12-13. ಬಿಸಿನೀರಿನ ಎಲೆಕ್ಟ್ರಿಕ್ ಕಾಯಿಲ್ ಸುಮಾರು 12. ಹೇರ್ ಡ್ರೈಯರ್ 12ರಿಂದ 15. 1,800 ವ್ಯಾಟ್‌ನ ಇಂಡಕ್ಷನ್ ಒಲೆ 15. ಸಾವಿರ ವ್ಯಾಟ್‌ನ ಇನ್‌ಸ್ಟಂಟ್ ಪಾಟ್ 8ರ ಹತ್ತಿರ. ಇವೆಲ್ಲದರ ಹಿಂದೆ ಸದ್ದಿಲ್ಲದೆ ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಬೇರೆ 3ರಿಂದ 8 ಆಂಪ್ ತಿನ್ನುತ್ತಿರುತ್ತದೆ. ಇದನ್ನು ಎಲ್ಲರೂ ಮರೆಯುತ್ತಾರೆ.

ಈಗ ಒಂದು ಬೆಳಗ್ಗೆಯನ್ನು ನೆನೆಸಿಕೊಳ್ಳಿ. ಎಸಿ ಓಡುತ್ತಿದೆ, 14. ಯಾರೋ ಸ್ನಾನಕ್ಕೆ ಹೋಗಿದ್ದಾರೆ, ಬಿಸಿನೀರು 12. ಕನ್ವರ್ಟರ್ 4. ಆಗಲೇ 30 ಆಯಿತು. ಅಷ್ಟರಲ್ಲಿ ಅಮ್ಮ ಹಾಲು ಬಿಸಿ ಮಾಡಲು ಮೈಕ್ರೋವೇವ್ ಒತ್ತುತ್ತಾರೆ. ಬ್ರೇಕರ್ ಬಿತ್ತು. ತಪ್ಪು ಅಮ್ಮನದಲ್ಲ, ಲೆಕ್ಕ ಮೊದಲೇ ಅಂಚಿಗೆ ಬಂದಿತ್ತು.

ನನ್ನ ಸಲಹೆ: ಬಿಸಿನೀರು ಮತ್ತು ಫ್ರಿಜ್ಜನ್ನು ಗ್ಯಾಸ್‌ಗೆ ಹಾಕಿಬಿಡಿ. ಹೆಚ್ಚಿನ ಬಾಡಿಗೆ ಗಾಡಿಗಳಲ್ಲಿ ಎರಡಕ್ಕೂ ಪ್ರೊಪೇನ್ ಇದೆ. ಫ್ರಿಜ್ಜನ್ನು 'ಆಟೋ'ದಲ್ಲಿ ಬಿಟ್ಟರೆ ಕೇಬಲ್ ಚುಚ್ಚಿದ ತಕ್ಷಣ ಅದು ಕರೆಂಟಿಗೆ ಹೊರಳುತ್ತದೆ. ಅದು ಸಣ್ಣ ಹೊರೆ, ಸುಮಾರು 3 ಆಂಪ್, ಆದರೂ ಸೆಖೆಯ ದಿನ ಆ ಮೂರೂ ಲೆಕ್ಕಕ್ಕೆ ಬರುತ್ತದೆ. ದೋಸೆ, ಒಗ್ಗರಣೆ, ಕಾಫಿ ಎಲ್ಲಾ ಗ್ಯಾಸ್ ಒಲೆ ಮೇಲೆ. ಕರೆಂಟಿನಲ್ಲಿ ಎಸಿ ಓಡಲಿ, ಅದರ ಜೊತೆ ಒಂದೇ ಒಂದು ದೊಡ್ಡ ಸಾಮಾನು. ಗಂಟೆಗಟ್ಟಲೆ ನಡೆಯುವ ಹೊರೆಯನ್ನು 24 ಆಂಪ್‌ನೊಳಗೆ ಇಟ್ಟುಕೊಂಡರೆ ನೆಮ್ಮದಿ. ಬ್ರೇಕರಿಗೂ ಪ್ಲಗ್ಗಿಗೂ ಅದೇ ಹಿತ.

ಊರಿಂದ ತಂದ ಮಿಕ್ಸಿ ಓಡುತ್ತಾ?

ಓಡಲ್ಲ. ಅದು 230 ವೋಲ್ಟ್, 50 ಹರ್ಟ್ಜ್‌ಗೆ ಮಾಡಿದ್ದು. ಇಲ್ಲಿರುವುದು 120 ವೋಲ್ಟ್, 60 ಹರ್ಟ್ಜ್. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ 110 ವೋಲ್ಟ್‌ನ ಮಿಕ್ಸಿ ಸಿಗುತ್ತದೆ. ಅಂಥದ್ದು ಮನೆಯಲ್ಲಿ ಇದ್ದರೆ ಧಾರಾಳವಾಗಿ ತನ್ನಿ, 550 ವ್ಯಾಟ್‌ನದು 5 ಆಂಪ್‌ಗಿಂತ ಜಾಸ್ತಿ ಎಳೆಯುವುದಿಲ್ಲ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ 100-240 ಅಂತ ಬರೆದಿರುತ್ತದೆ. ಅವಕ್ಕೆ ಪಿನ್ ಬದಲಿಸುವ ಅಡಾಪ್ಟರ್ ಒಂದಿದ್ದರೆ ಸಾಕು.

ಅಡುಗೆಮನೆಯ ಸಾಕೆಟ್ ಸತ್ತಿದೆ. ಬ್ರೇಕರ್ ಎಲ್ಲಾ ಸರಿಯಾಗಿವೆ. ಏನಾಗಿದೆ?

ಬಾತ್‌ರೂಮಿಗೆ ಹೋಗಿ ನೋಡಿ. ಅಲ್ಲಿ ಎರಡು ಪುಟ್ಟ ಬಟನ್ ಇರುವ, ಕರೆಂಟು ಸೋರಿದರೆ ತಾನೇ ಕಡಿಯುವ ಸಾಕೆಟ್ ಇರುತ್ತದೆ, ಅದೇ ಜಿಎಫ್‌ಸಿಐ. ತುಂಬಾ ಗಾಡಿಗಳಲ್ಲಿ ಅಡುಗೆಮನೆ ಮತ್ತು ಹೊರಗಿನ ಸಾಕೆಟ್‌ಗಳು ಅದರ ಹಿಂದೆಯೇ ಜೋಡಿಸಿರುತ್ತವೆ. 'ರೀಸೆಟ್' ಒತ್ತಿ.

ಪ್ಲಗ್ ಹಾಕುವುದಕ್ಕೂ ಒಂದು ಕ್ರಮ ಇದೆಯಾ?

ಇದೆ. ಅದನ್ನು ಪ್ರತಿ ಸಲವೂ ಪಾಲಿಸಿ, ಆಯಾಸ ಆಗಿದ್ದಾಗಲೂ, ಕತ್ತಲಾಗಿದ್ದಾಗಲೂ.

ಗಾಡಿ ನಿಲ್ಲಿಸಿದ ಮೇಲೆ ಮೊದಲು ಪೆಡೆಸ್ಟಲ್ ಮುಚ್ಚಳ ಎತ್ತಿ ಸಾಕೆಟ್ ನೋಡಿ. ಕಂದು ಕಲೆ, ಕರಗಿದ ಪ್ಲಾಸ್ಟಿಕ್, ಸುಟ್ಟ ವಾಸನೆ, ಕಣಜದ ಗೂಡು ಇದ್ದರೆ ಅಲ್ಲಿಗೇ ನಿಲ್ಲಿಸಿ. ಆಫೀಸಿಗೆ ಹೋಗಿ ಬೇರೆ ಜಾಗ ಕೇಳಿ, ಸಂಕೋಚ ಬೇಡ. ಸರಿಯಾಗಿದ್ದರೆ ಬ್ರೇಕರ್ ಆಫ್ ಮಾಡಿ. ಗಾಡಿಯೊಳಗೆ ಎಸಿ, ಬಿಸಿನೀರು ಎಲ್ಲಾ ಆಫ್ ಇರಲಿ. ಕೇಬಲ್ ಗಾಡಿಯಿಂದ ಬಿಚ್ಚಿ ಬರುವಂಥದ್ದಾದರೆ ಮೊದಲು ಗಾಡಿಯ ಕಡೆ ಸಿಕ್ಕಿಸಿ ತಿರುಗಿಸಿ ಬಿಗಿ ಮಾಡಿ, ಆಮೇಲೆ ಪೆಡೆಸ್ಟಲ್ ಕಡೆ. ಪ್ಲಗ್ಗನ್ನು ಪೂರ್ತಿ ಒಳಗೆ ತಳ್ಳಿ, ಕಡ್ಡಿಗಳು ಒಂದಿಷ್ಟೂ ಹೊರಗೆ ಕಾಣಬಾರದು. ಈಗ ಬ್ರೇಕರ್ ಆನ್. ವೋಲ್ಟೇಜ್ ಸರಿ ಇದೆ ಅಂತ ನೋಡಿದ ಮೇಲೆ ಒಳಗಿನ ಸಾಮಾನು ಒಂದೊಂದಾಗಿ ಹಾಕಿ.

ಬಿಚ್ಚುವಾಗ ಇದೇ ಕ್ರಮ ತಿರುಗುಮುರುಗು: ಒಳಗಿನ ಹೊರೆ ಆಫ್, ಬ್ರೇಕರ್ ಆಫ್, ಪೆಡೆಸ್ಟಲ್ ಕಡೆಯಿಂದ ಪ್ಲಗ್ ಕೀಳಿ, ಕೊನೆಗೆ ಗಾಡಿಯ ಕಡೆ. ವೈರ್ ಹಿಡಿದು ಎಳೆಯಬೇಡಿ, ಪ್ಲಗ್ಗಿನ ಹಿಡಿ ಹಿಡಿದು ಕೀಳಿ.

ಬ್ರೇಕರ್ ಯಾಕೆ ಆಫ್ ಮಾಡಬೇಕು? ಮನೆಯಲ್ಲಿ ಹಾಗೇ ಚುಚ್ಚುತ್ತೇವಲ್ಲ?

ಮನೆಯಲ್ಲಿ ಚುಚ್ಚುವುದು ಸಾಮಾನ್ಯವಾಗಿ ಸ್ವಿಚ್ ಆಫ್ ಇರುವ ಸಾಮಾನು. ಇಲ್ಲಿ ಆ ಕಡೆ ಇಡೀ ಮನೆಯೇ ಇದೆ. ಹೊರೆ ಇರುವಾಗ ಪ್ಲಗ್ ಚುಚ್ಚಿದರೆ ಅಥವಾ ಕಿತ್ತರೆ ಕಡ್ಡಿಗೂ ಸಾಕೆಟ್ಟಿಗೂ ನಡುವೆ ಕಿಡಿ ಹಾರುತ್ತದೆ. ಪ್ರತಿ ಕಿಡಿಯೂ ಹಿತ್ತಾಳೆಯ ಮೇಲೆ ಒಂದು ಸಣ್ಣ ಗುಳಿ, ಒಂದಿಷ್ಟು ಕಪ್ಪು ಬಿಟ್ಟುಹೋಗುತ್ತದೆ. ಕ್ಯಾಂಪ್‌ಗ್ರೌಂಡ್ ಸಾಕೆಟ್‌ನಲ್ಲಿ ವಾರಕ್ಕೆ ಎಷ್ಟೋ ಗಾಡಿಗಳು ಹೀಗೆ ಚುಚ್ಚಿ ಕಿತ್ತಿರುತ್ತವೆ. ಆ ಸವೆತ ಎಲ್ಲಾ ಮುಂದೆ ಬಂದವರ ಪ್ಲಗ್ಗಿಗೆ.

ಪ್ಲಗ್ ಬಿಸಿಯಾಗುತ್ತಿದೆ. ಇದು ಸಹಜ ಅಲ್ವಾ?

ಸ್ವಲ್ಪ ಬೆಚ್ಚಗಾಗುವುದು ಸಹಜ. ಹಿಡಿದುಕೊಳ್ಳಲು ಆಗದಷ್ಟು ಬಿಸಿಯಾದರೆ ಅಪಾಯ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ವಿಷಯವೇ ಇದು. ಎಲ್ಲರೂ ಆಂಪ್ ಲೆಕ್ಕದಲ್ಲಿ, ಬ್ರೇಕರ್ ಬೀಳುವುದರಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ಬ್ರೇಕರ್ ಬಿದ್ದರೆ ಅದು ತನ್ನ ಕೆಲಸ ಮಾಡಿದೆ, ಎತ್ತಿ ಹಾಕಿದರೆ ಆಯಿತು. ಬಿಸಿಯಾದ ಪ್ಲಗ್ಗನ್ನು ಬ್ರೇಕರ್ ನೋಡುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಎಷ್ಟು ಆಂಪ್ ಹರಿಯುತ್ತಿದೆ ಅನ್ನುವುದು ಮಾತ್ರ.

ಲೆಕ್ಕ ನೋಡಿ. ಸಾಕೆಟ್ಟಿನ ಹಿಡಿತ ಸಡಿಲವಾಗಿ, ಕಡ್ಡಿ ಕಪ್ಪಾಗಿ, ಆ ಒಂದು ಜಾಗದಲ್ಲಿ ಬರೀ 0.1 ಓಮ್ ತಡೆ ಹುಟ್ಟಿತು ಅಂದುಕೊಳ್ಳಿ. 25 ಆಂಪ್ ಹರಿಯುವಾಗ ಅಲ್ಲಿ ಹುಟ್ಟುವ ಶಾಖ 25 ಗುಣಿಸು 25 ಗುಣಿಸು 0.1, ಅಂದರೆ 62 ವ್ಯಾಟ್. ಹಳೇ ಕಾಲದ 60 ವ್ಯಾಟ್ ಬಲ್ಬು ಮುಷ್ಟಿಗಾತ್ರದ ಪ್ಲಗ್ಗಿನೊಳಗೆ ಹೊತ್ತಿ ಕೂತ ಹಾಗೆ. ಹರಿಯುತ್ತಿರುವುದು 25 ಆಂಪ್ ತಾನೇ, 30ರ ಬ್ರೇಕರ್ ಹಾಗೇ ಇರುತ್ತದೆ. ಬಿಸಿಯಿಂದ ಸ್ಪ್ರಿಂಗಿನ ಹಿಡಿತ ಇನ್ನೂ ಸಡಿಲವಾಗುತ್ತದೆ, ತಡೆ ಇನ್ನೂ ಜಾಸ್ತಿಯಾಗುತ್ತದೆ. ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ.

ಆದ್ದರಿಂದ ಎಸಿ ಹಾಕಿ ಅರ್ಧ ಗಂಟೆ ಆದಮೇಲೆ ಹೊರಗೆ ಹೋಗಿ ಪ್ಲಗ್ಗಿನ ಹಿಂಬದಿಯನ್ನು ಕೈಯಲ್ಲಿ ಮುಟ್ಟಿ ನೋಡಿ. ಒಣ ಕೈ, ಒಣ ನೆಲ, ಹೊರಗಿನ ರಬ್ಬರ್ ಭಾಗ ಮಾತ್ರ. ಗಾಡಿಯ ಕಡೆ ಇರುವ ಜೋಡಣೆಯನ್ನೂ ಮುಟ್ಟಿ. ಅದನ್ನು ಯಾರೂ ನೋಡುವುದಿಲ್ಲ, ಸುಡುವುದು ಎಷ್ಟೋ ಸಲ ಅಲ್ಲೇ. ಬಿಸಿ ಜೋರಾಗಿದ್ದರೆ ಎಸಿ ಆಫ್ ಮಾಡಿ, ಬ್ರೇಕರ್ ಆಫ್ ಮಾಡಿ, ಪ್ಲಗ್ ಕಿತ್ತು ಕಡ್ಡಿಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಒಳ್ಳೇ ಕಡ್ಡಿ ಹಳದಿ ಅಥವಾ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತದೆ. ಕೆಟ್ಟದ್ದರಲ್ಲಿ ಒಂದು ಕಡ್ಡಿ ಮಾತ್ರ ಮಂಕಾಗಿ ಕಂದು-ನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಅದರ ಬುಡದಲ್ಲಿ ಪ್ಲಾಸ್ಟಿಕ್ ಗುಳ್ಳೆ ಎದ್ದಿರುತ್ತದೆ. ಗುಳ್ಳೆ ಎದ್ದ ಪ್ಲಗ್ಗನ್ನು ಉಪ್ಪುಕಾಗದ ಹಾಕಿ ಉಜ್ಜಿ ಮತ್ತೆ ಬಳಸಬೇಡಿ, ಬದಲಿಸಿ. ಕೇಬಲ್ ಚೆನ್ನಾಗಿದ್ದರೆ ತುದಿಯ ಪ್ಲಗ್ ಮಾತ್ರ ಬದಲಿಸಬಹುದು, ಅದು ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಸಾಕೆಟ್ಟೇ ಸಡಿಲವಾಗಿದ್ದರೆ, ಅಂದರೆ ಪ್ಲಗ್ ಜೋತು ಬೀಳುತ್ತಿದ್ದರೆ, ಬೇರೆ ಸೈಟ್ ಕೇಳಿ.

ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕಾ? ದುಬಾರಿ ಅಲ್ವಾ?

ಸ್ವಂತ ಗಾಡಿ ಇದ್ದರೆ ಬೇಕೇ ಬೇಕು. ಆದರೆ ಸರಿಯಾದದ್ದನ್ನು ಕೊಳ್ಳಿ. ಎರಡು ಬಗೆ ಇದೆ. ಅಗ್ಗದ್ದು ಸಿಡಿಲಿನಂಥ ಕ್ಷಣಿಕ ಏರಿಕೆಯನ್ನು ಮಾತ್ರ ತಡೆಯುತ್ತದೆ. ದುಬಾರಿಯದಕ್ಕೆ ಇಎಂಎಸ್ ಅನ್ನುತ್ತಾರೆ. ಅದು ಪೆಡೆಸ್ಟಲ್ಲನ್ನು ಮೊದಲು ಪರೀಕ್ಷೆ ಮಾಡುತ್ತದೆ: ಅರ್ಥ್ ಇದೆಯಾ, ನ್ಯೂಟ್ರಲ್ ಇದೆಯಾ, ಫೇಸ್ ನ್ಯೂಟ್ರಲ್ ಅದಲು ಬದಲಾಗಿದೆಯಾ, ವೋಲ್ಟೇಜ್ ಮಿತಿಯೊಳಗಿದೆಯಾ. ಸರಿ ಇದ್ದರೆ ಮಾತ್ರ ಕರೆಂಟು ಒಳಗೆ ಬಿಡುತ್ತದೆ. ಜನಪ್ರಿಯ ಮಾದರಿಗಳು ವೋಲ್ಟೇಜ್ 104ಕ್ಕಿಂತ ಕೆಳಗಿಳಿದರೆ ಅಥವಾ 132ಕ್ಕಿಂತ ಮೇಲೇರಿದರೆ ಕಡಿದುಬಿಡುತ್ತವೆ. ಮತ್ತೆ ಕೊಡುವ ಮುಂಚೆ ಎರಡು ನಿಮಿಷದಷ್ಟು ಕಾಯುವ ಮಾದರಿಗಳೂ ಇವೆ, ಎಸಿಯ ಕಂಪ್ರೆಸರ್‌ಗೆ ತೊಂದರೆ ಆಗದಿರಲಿ ಅಂತ. ಚುಚ್ಚಿದ ತಕ್ಷಣ ಕರೆಂಟು ಬರಲಿಲ್ಲ ಅಂತ ಗಾಬರಿ ಬೇಡ.

50 ಆಂಪ್ ಗಾಡಿಯವರಿಗೆ ಇದು ಇನ್ನೂ ಮುಖ್ಯ. ಪೆಡೆಸ್ಟಲ್‌ನಲ್ಲಿ ನ್ಯೂಟ್ರಲ್ ತಂತಿ ಕಡಿದುಹೋದರೆ ಎರಡು ಫೇಸ್‌ಗಳ ಸಾಮಾನುಗಳು 240 ವೋಲ್ಟ್‌ಗೆ ಸಾಲಾಗಿ ಸಿಕ್ಕಿಕೊಳ್ಳುತ್ತವೆ. ಹೊರೆ ಕಡಿಮೆ ಇರುವ ಕಡೆ ವೋಲ್ಟೇಜ್ 150, 180, 200 ಅಂತ ಏರುತ್ತದೆ. ಟಿವಿ, ಕನ್ವರ್ಟರ್, ಮೈಕ್ರೋವೇವ್ ಕೆಲವೇ ಕ್ಷಣದಲ್ಲಿ ಹೋಗುತ್ತವೆ. ಇದನ್ನು ಮೊದಲೇ ಹಿಡಿಯುವುದು ಇಎಂಎಸ್ ಒಂದೇ.

ಬಾಡಿಗೆ ಗಾಡಿಗೆ ದುಡ್ಡು ಹಾಕಲು ಮನಸ್ಸಿಲ್ಲವೇ? ಮೂರು ದೀಪದ ಸಣ್ಣ ಸಾಕೆಟ್ ಟೆಸ್ಟರ್ ಮತ್ತು ಅದನ್ನು 30ರ ಸಾಕೆಟ್ಟಿಗೆ ಹಾಕುವ ಅಡಾಪ್ಟರ್ ತೆಗೆದುಕೊಳ್ಳಿ. ಸುಮಾರಾದ ತಪ್ಪುಗಳು ಅದರಲ್ಲೇ ಗೊತ್ತಾಗುತ್ತವೆ.

ಗಾಡಿಯ ಬಾಗಿಲು ಮುಟ್ಟಿದರೆ ಜುಮ್ ಅನ್ನುತ್ತದೆ. ಸ್ಟ್ಯಾಟಿಕ್ ಇರಬಹುದಾ?

ಹಾಗಂದುಕೊಂಡು ಸುಮ್ನೆ ಇರಬೇಡಿ. ಎಲ್ಲರೂ ಗಾಡಿಯಿಂದ ದೂರ ನಿಲ್ಲಿ. ಯಾರೂ ಗಾಡಿ ಮುಟ್ಟದೆ ಹೋಗಿ ಪೆಡೆಸ್ಟಲ್ ಬ್ರೇಕರ್ ಆಫ್ ಮಾಡಿ. ಅರ್ಥ್ ಎಲ್ಲೋ ಕಡಿದಿದೆ, ಜೊತೆಗೆ ಯಾವುದೋ ಸಾಮಾನಿನಿಂದ ಕರೆಂಟು ಗಾಡಿಯ ಮೈಗೆ ಸೋರುತ್ತಿದೆ ಅಂತ ಅರ್ಥ. ಗಾಡಿ ನಿಂತಿರುವುದು ರಬ್ಬರ್ ಟೈರ್ ಮೇಲೆ, ಕರೆಂಟಿಗೆ ನೆಲಕ್ಕೆ ಹೋಗಲು ದಾರಿ ಇಲ್ಲ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಹಿಡಿಕೆ ಹಿಡಿದವರೇ ದಾರಿಯಾಗುತ್ತಾರೆ. ಬೆಳಗ್ಗೆ ಚಪ್ಪಲಿ ಹಾಕದೆ ಓಡಾಡುವ ಮಕ್ಕಳು, ಹಿರಿಯರು ನಮ್ಮಲ್ಲಿ ಜಾಸ್ತಿ.

ಪೆನ್ನಿನ ಹಾಗಿರುವ, ಮುಟ್ಟದೆಯೇ ವೋಲ್ಟೇಜ್ ತೋರಿಸುವ ಟೆಸ್ಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಪ್ರತಿ ಸಲ ಕೇಬಲ್ ಹಾಕಿದ ಮೇಲೆ ಅದನ್ನು ಬಾಗಿಲ ಹಿಡಿಕೆಯ ಹತ್ತಿರ ಹಿಡಿಯಿರಿ. ಕೂಗಿದರೆ ಯಾರನ್ನೂ ಹತ್ತಲು ಬಿಡಬೇಡಿ. ಕಾರಣ ತಿಳಿದು ಸರಿ ಮಾಡುವವರೆಗೆ ಆ ಗಾಡಿಗೆ ಕೇಬಲ್ ಹಾಕಬೇಡಿ.

ಕೇಬಲ್ ಉದ್ದ ಸಾಲುತ್ತಿಲ್ಲ. ಮನೆಯ ಎಕ್ಸ್‌ಟೆನ್ಶನ್ ಬಳಸಬಹುದಾ?

ಕಿತ್ತಳೆ ಬಣ್ಣದ ತೋಟದ ಎಕ್ಸ್‌ಟೆನ್ಶನ್ ಬೇಡ. 30 ಆಂಪ್ ಕೇಬಲ್ಲಿನ ತಾಮ್ರ 10 ಗೇಜ್. 50ರ ಕೇಬಲ್ಲಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ 6 ಗೇಜ್. ತೋಟದ ವೈರು 16 ಅಥವಾ 14. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣ. 50 ಅಡಿಯ 16 ಗೇಜ್ ವೈರಿನಲ್ಲಿ 13 ಆಂಪ್ ಹರಿದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 5 ವೋಲ್ಟ್ ಕರಗಿಹೋಗುತ್ತದೆ. ಕರಗಿದ್ದೆಲ್ಲಾ ವೈರಿನಲ್ಲಿ ಶಾಖ. ಗಾಡಿಯದೇ ಗಾತ್ರದ ಎಕ್ಸ್‌ಟೆನ್ಶನ್, 30ಕ್ಕೆ 30ರದ್ದು, 50ಕ್ಕೆ 50ರದ್ದು ಕೊಳ್ಳಿ. ಒಂದೇ ಸಾಕು, ಎರಡನ್ನು ಜೋಡಿಸಬೇಡಿ. ಅದಕ್ಕಿಂತ ಮೊದಲು ಗಾಡಿಯನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ನೋಡಿ. ಪೆಡೆಸ್ಟಲ್ ಸಾಮಾನ್ಯವಾಗಿ ಡ್ರೈವರ್ ಕಡೆ, ಹಿಂಭಾಗದಲ್ಲಿ ಇರುತ್ತದೆ.

50ರ ಸಾಕೆಟ್ ಮಾತ್ರ ಖಾಲಿ ಇದೆ, ನನ್ನದು 30. ಅಡಾಪ್ಟರ್ ಹಾಕಿದರೆ ಗಾಡಿ ಸುಡುತ್ತಾ?

ಇಲ್ಲ. ಎರಡು ತುದಿ ಇರುವ ಆ ಅಡಾಪ್ಟರ್‌ಗೆ ಡಾಗ್‌ಬೋನ್ ಅನ್ನುತ್ತಾರೆ. ಅದು 50ರ ಸಾಕೆಟ್ಟಿನಿಂದ ಒಂದೇ ಫೇಸ್ ತೆಗೆದುಕೊಂಡು 120 ವೋಲ್ಟನ್ನೇ ಕೊಡುತ್ತದೆ. ಗಾಡಿಯ ಒಳಗೆ 30 ಆಂಪ್ ಬ್ರೇಕರ್ ಇದ್ದೇ ಇದೆ. ಆದರೆ ಪೆಡೆಸ್ಟಲ್ ಬ್ರೇಕರ್ 50ರದ್ದು, ನಡುವಿನ ಕೇಬಲ್ 30ರದ್ದು. ಹಾಗಾಗಿ ಕೇಬಲ್ ಒಳ್ಳೇ ಸ್ಥಿತಿಯಲ್ಲಿರಲಿ. 50ರ ಸಾಕೆಟ್ ಸಾಮಾನ್ಯವಾಗಿ ಕಡಿಮೆ ಸವೆದಿರುವುದರಿಂದ 30ರದ್ದು ಸಡಿಲವಾಗಿರುವ ಕಡೆ ಹೀಗೆ ಮಾಡುವುದು ಒಳ್ಳೆಯದೇ. ಇದರ ಉಲ್ಟಾ, 50ರ ಗಾಡಿಯನ್ನು 30ಕ್ಕೆ ಹಾಕಿದರೂ ನಡೆಯುತ್ತದೆ, ಆದರೆ ಇಡೀ ಗಾಡಿಗೆ 3,600 ವ್ಯಾಟ್ ಮಾತ್ರ.

ಹೊರಡುವ ಹಿಂದಿನ ದಿನ ಮನೆ ಮುಂದೆ ನಿಲ್ಲಿಸಿ ಗರಾಜ್ ಸಾಕೆಟ್ಟಿಗೆ ಹಾಕಬಹುದಾ?

ಫ್ರಿಜ್ ತಣ್ಣಗಾಗಲು, ಬ್ಯಾಟರಿ ತುಂಬಲು ಧಾರಾಳವಾಗಿ ಹಾಕಿ. 30ರಿಂದ 15ಕ್ಕೆ ಇಳಿಸುವ ಅಡಾಪ್ಟರ್ ಬೇಕು, ಉದ್ದ ಬೇಕಿದ್ದರೆ 12 ಗೇಜ್ ಅಥವಾ 10 ಗೇಜ್ ವೈರು. ಎಸಿ ಹಾಕಬೇಡಿ. ಗರಾಜಿನ ಸಾಕೆಟ್ ಜಿಎಫ್‌ಸಿಐ ಆಗಿರುತ್ತದೆ, ಗಾಡಿ ಹಾಕಿದ ತಕ್ಷಣ ಬೀಳುವುದು ಮಾಮೂಲು ದೂರು. ಒಳಗಿನ ಎಲ್ಲಾ ಬ್ರೇಕರ್ ಆಫ್ ಮಾಡಿ, ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅಲ್ಲಿ ಸೋರಿಕೆ ಇದೆ. ಬಿಸಿನೀರಿನ ಹಳೇ ಕಾಯಿಲ್ ಮೇಲೆ ಮೊದಲ ಅನುಮಾನ ಇರಲಿ. ಇನ್ನೊಂದು ಕಾರಣ, ಗಾಡಿಯೊಳಗೆ ಯಾರೋ ನ್ಯೂಟ್ರಲ್ ಮತ್ತು ಅರ್ಥ್ ಒಂದು ಮಾಡಿರುವುದು. ಆರ್‌ವಿಯ ಒಳಗೆ ಅವೆರಡೂ ಬೇರೆಯೇ ಇರಬೇಕು.

ಟೆಸ್ಲಾ ಚಾರ್ಜ್ ಮಾಡಲು ಹಾಕಿಸಿದ 14-50 ಸಾಕೆಟ್ ಇದೆ. 50 ಆಂಪ್ ಗಾಡಿಗೆ ಅದೇ ಆಗುತ್ತಲ್ಲ?

ಪ್ಲಗ್ ಕೂರುತ್ತದೆ. ಅಷ್ಟಕ್ಕೇ ನಂಬಬೇಡಿ. ಕಾರು ಚಾರ್ಜ್ ಆಗುವುದು 240 ವೋಲ್ಟ್‌ನಲ್ಲಿ, ಅದಕ್ಕೆ ನ್ಯೂಟ್ರಲ್ ಬೇಡ. ಹಾಗಾಗಿ ಕೆಲವು ಕಡೆ ನ್ಯೂಟ್ರಲ್ ತಂತಿಯನ್ನೇ ಎಳೆಯದೆ ಸಾಕೆಟ್ ಹಾಕಿರುತ್ತಾರೆ. ಕಾರಿಗೆ ಏನೂ ಆಗುವುದಿಲ್ಲ. ಮೋಟಾರ್‌ಹೋಮ್ ಹಾಕಿದರೆ ಮೇಲೆ ಹೇಳಿದ ನ್ಯೂಟ್ರಲ್ ಕಡಿದ ಕಥೆಯೇ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಮ್ಮೆ ಸಾಕೆಟ್ ತೆರೆದು ನಾಲ್ಕೂ ತಂತಿ ಇದೆ ಅಂತ ಹೇಳಲಿ. ಫೇಸ್-ನ್ಯೂಟ್ರಲ್ 120, ಇನ್ನೊಂದು ಫೇಸ್-ನ್ಯೂಟ್ರಲ್ 120, ಫೇಸ್-ಫೇಸ್ 240 ಬರಬೇಕು.

ಕ್ಯಾಂಪ್‌ಗ್ರೌಂಡ್‌ನ 50ರ ಸಾಕೆಟ್ಟಿನಲ್ಲಿ ಕಾರು ಚಾರ್ಜ್ ಮಾಡಬಹುದಾ ಅಂತಲೂ ಕೇಳುತ್ತಾರೆ. ಆಗುತ್ತದೆ, ಆದರೆ ಆಫೀಸಿನಲ್ಲಿ ಕೇಳಿ ಮಾಡಿ. ರಾತ್ರಿಯಿಡೀ 32 ಆಂಪ್ ಎಳೆಯುವುದು ಅವರ ಬಿಲ್ಲಿಗೂ ಆ ಸಾಲಿನ ವೈರಿಗೂ ಭಾರ.

ಮನೆಯಲ್ಲಿ 30 ಆಂಪ್ ಸಾಕೆಟ್ ಹಾಕಿಸಬೇಕು. ಏನು ಹೇಳಲಿ?

ಮೊದಲ ಮಾತೇ "ಇದು 120 ವೋಲ್ಟ್, ಟಿಟಿ-30" ಅಂತಿರಲಿ. ಬರೆದೂ ಕೊಡಿ. ಮೂರು ಕಡ್ಡಿಯ 30 ಆಂಪ್ ಅಂದ ತಕ್ಷಣ ಎಷ್ಟೋ ಎಲೆಕ್ಟ್ರಿಷಿಯನ್‌ಗಳಿಗೆ ಬಟ್ಟೆ ಒಣಗಿಸುವ ಡ್ರೈಯರ್ ನೆನಪಾಗುತ್ತದೆ. ಅದು 240. ಹಾಗೆ ಜೋಡಿಸಿದ ಸಾಕೆಟ್ಟಿಗೆ ಗಾಡಿ ಹಾಕಿದರೆ ಒಳಗಿನ ಸಾಮಾನು ಒಟ್ಟಿಗೇ ಸುಡುತ್ತವೆ. ಆರ್‌ವಿ ಇಟ್ಟುಕೊಂಡವರ ನಡುವೆ ಇದು ಚೆನ್ನಾಗಿ ಗೊತ್ತಿರುವ ಅನಾಹುತ. ಕೆಲಸ ಮುಗಿದ ಮೇಲೆ ಮಲ್ಟಿಮೀಟರ್‌ನಲ್ಲಿ ಅಳೆದು ತೋರಿಸಿ ಅನ್ನಿ.

ಯಾವ ನ್ಯಾಷನಲ್ ಪಾರ್ಕ್‌ನಲ್ಲಿ ಹುಕ್‌ಅಪ್ ಸಿಗುತ್ತದೆ?

ಪಾರ್ಕ್ ಒಳಗೆ ಸಿಗುವುದು ಅಪರೂಪ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇಲ್ಲವೇ ಇಲ್ಲ. ಯೆಲ್ಲೊಸ್ಟೋನ್‌ನಲ್ಲಿ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲೇ ಇದೆ. ಅಲ್ಲಿ ಕರಡಿಗಳ ಓಡಾಟ ಇರುವುದರಿಂದ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿನಲ್ಲಿ ಟ್ರೇಲರ್ ವಿಲೇಜ್‌ನಲ್ಲಿ ಫುಲ್ ಹುಕ್‌ಅಪ್ ಇದೆ, ಪಕ್ಕದ ಮ್ಯಾಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಇಲ್ಲ. ಜಿಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟಿನ ಸೈಟ್‌ಗಳಿವೆ. ಇವೆಲ್ಲಾ ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ಸಿಗದಿದ್ದರೆ ಪಾರ್ಕ್ ಹೊರಗೆ ಕೆಒಎ ಥರದ ಖಾಸಗಿ ಜಾಗಗಳಿವೆ.

ಹುಕ್‌ಅಪ್ ಇಲ್ಲದ ಕಡೆ?

ದೀಪ, ನೀರಿನ ಪಂಪು, ಹೀಟರ್ ಫ್ಯಾನು ಗಾಡಿಯ 12 ವೋಲ್ಟ್ ಬ್ಯಾಟರಿಯಲ್ಲೇ ನಡೆಯುತ್ತವೆ. ಎಸಿ, ಮೈಕ್ರೋವೇವ್‌ಗೆ ಜನರೇಟರ್ ಬೇಕು. ಕ್ಲಾಸ್ ಸಿಯಲ್ಲಿ ಸಾಮಾನ್ಯವಾಗಿ 4,000 ವ್ಯಾಟ್‌ನದು ಇರುತ್ತದೆ, ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಪೆಟ್ರೋಲನ್ನು ಗಾಡಿಯ ಟ್ಯಾಂಕಿನಿಂದಲೇ ಕುಡಿಯುತ್ತದೆ. ಟ್ಯಾಂಕ್ ಕಾಲು ಭಾಗಕ್ಕಿಳಿದರೆ ತಾನೇ ನಿಲ್ಲುತ್ತದೆ, ನೀವು ಊರಿಗೆ ವಾಪಸ್ ಹೋಗಬೇಕಲ್ಲ. ಪಾರ್ಕ್‌ಗಳಲ್ಲಿ ಜನರೇಟರ್‌ಗೆ ಹೊತ್ತು ಗೊತ್ತು ಮಾಡಿರುತ್ತಾರೆ, ಬೋರ್ಡ್ ನೋಡಿ. ಮಲಗಿರುವಾಗ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಗಾಡಿಯ ಸಿಒ ಅಲಾರ್ಮ್ ಕೆಲಸ ಮಾಡುತ್ತಿದೆಯಾ ಅಂತ ಮೊದಲ ದಿನವೇ ಒತ್ತಿ ನೋಡಿ.

ಬೇಸಿಗೆಯ ಮಧ್ಯಾಹ್ನ ಎಸಿ ತಾನಾಗೇ ನಿಂತು ನಿಂತು ಹೋಗುತ್ತದೆ. ಯಾಕೆ?

ಕ್ಯಾಂಪ್‌ಗ್ರೌಂಡ್ ತುಂಬಿದೆ, ಎಲ್ಲರ ಎಸಿಯೂ ಓಡುತ್ತಿದೆ, ವೋಲ್ಟೇಜ್ ಇಳಿದಿದೆ. ಇಎಂಎಸ್ 104ಕ್ಕೆ ಕಡಿಯುತ್ತಿದೆ. ಸಿಟ್ಟು ಮಾಡಿಕೊಂಡು ಅದನ್ನು ತೆಗೆದು ನೇರ ಚುಚ್ಚಬೇಡಿ. ವೋಲ್ಟೇಜ್ ಕಡಿಮೆ ಇದ್ದಾಗ ಕಂಪ್ರೆಸರ್ ಶುರುವಾಗಲು ಒದ್ದಾಡಿ ಜಾಸ್ತಿ ಆಂಪ್ ಎಳೆದು ಬಿಸಿಯಾಗುತ್ತದೆ. ಬಿಸಿಲು ಬೀಳುವ ಕಡೆ ಪರದೆ ಎಳೆಯಿರಿ, ಬೆಳಗ್ಗೆ ತಂಪಿರುವಾಗಲೇ ಎಸಿ ಹಾಕಿ ಗಾಡಿ ತಣ್ಣಗೆ ಇಟ್ಟುಕೊಳ್ಳಿ. ಸ್ವಂತ ಗಾಡಿಯಾದರೆ ಎಸಿಗೆ ಸಾಫ್ಟ್ ಸ್ಟಾರ್ಟ್ ಅನ್ನುವ ಸಾಧನ ಹಾಕಿಸಿ, ಶುರುವಿನ ಎಳೆತ ತುಂಬಾ ಕಡಿಮೆಯಾಗುತ್ತದೆ.

ಮಳೆಯಲ್ಲಿ ಕೇಬಲ್ ನೆನೆದರೆ?

ಕೇಬಲ್ ನೆನೆಯಲಿ, ಜೋಡಣೆ ನೆನೆಯಬಾರದು. ಪೆಡೆಸ್ಟಲ್ ಮುಚ್ಚಳ ಮುಚ್ಚಿ. ಎಕ್ಸ್‌ಟೆನ್ಶನ್ ಸೇರುವ ಜಾಗವನ್ನು ಹಲಗೆಯ ಮೇಲೆ ಎತ್ತಿಡಿ. ಪ್ಲಗ್ಗಿನಿಂದ ಕೇಬಲ್ ಒಮ್ಮೆ ಕೆಳಗೆ ಜೋತು ಆಮೇಲೆ ಗಾಡಿ ಕಡೆ ಹೋಗಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿ ಟೇಪ್ ಹಾಕಬೇಡಿ, ಒಳಗೆ ಬೆವರು ನಿಲ್ಲುತ್ತದೆ.

ಕೇಬಲ್ ಸುತ್ತಿಡುವುದೇ ದೊಡ್ಡ ಕೆಲಸ. ಸುಲಭ ದಾರಿ ಇದೆಯಾ?

50ರ ಕೇಬಲ್ ನಿಜಕ್ಕೂ ಭಾರ, ಚಳಿಯಲ್ಲಿ ಕಬ್ಬಿಣದ ಹಾಗೆ ಬಿಗಿಯುತ್ತದೆ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಹಾಸಿಟ್ಟು ಆಮೇಲೆ ಸುತ್ತಿ. ಮೊಣಕೈಗೂ ಹೆಬ್ಬೆರಳಿಗೂ ಸುತ್ತಬೇಡಿ, ಒಳಗಿನ ತಂತಿ ತಿರುಚಿಕೊಳ್ಳುತ್ತದೆ. ನೆಲದ ಮೇಲೆ ಕನ್ನಡದ ೪ರ ಹಾಗೆ ಅಥವಾ ಇಂಗ್ಲಿಷಿನ 8ರ ಹಾಗೆ ಅಡ್ಡಾದಿಡ್ಡಿ ಹಾಸುತ್ತಾ ಬನ್ನಿ, ನಂತರ ಮಡಿಸಿ ವೆಲ್‌ಕ್ರೋ ಪಟ್ಟಿ ಹಾಕಿ. ಮರುದಿನ ಬಿಚ್ಚುವಾಗ ಗಂಟು ಬೀಳುವುದಿಲ್ಲ. ಸುತ್ತುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಬಂದರೆ ಬಿರುಕು, ಇಲಿ ಕಡಿದ ಗುರುತು ಕೈಗೆ ಸಿಗುತ್ತದೆ. ಕೊಳಚೆ ಪೈಪಿನ ಜೊತೆ ಒಂದೇ ಗೂಡಿನಲ್ಲಿ ಇಡಬೇಡಿ, ಕೈಗವಸೂ ಬೇರೆ ಬೇರೆ ಇರಲಿ.

ಬಳಸುವಾಗ ಮಿಕ್ಕ ಉದ್ದವನ್ನು ಬಿಗಿಯಾದ ಸುರುಳಿಯಾಗಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ. ಗಾಡಿಯ ಅಡಿಗೆ ಹಾವಿನ ಹಾಗೆ ಸಡಿಲವಾಗಿ ಹಾಸಿ. ಕೇಬಲ್ ಹೊರಬರುವ ಪುಟ್ಟ ಕಿಂಡಿಯ ಬಾಗಿಲನ್ನು ಮುಚ್ಚಿ. ಇಲಿಗಳು ಗಾಡಿಯೊಳಗೆ ಬರುವ ದಾರಿ ಅದೇ.

ಯೂರೋಪಿನಲ್ಲಿ ಕ್ಯಾಂಪರ್ ಬಾಡಿಗೆಗೆ ತೆಗೆದುಕೊಂಡರೆ ಇದೇ ಲೆಕ್ಕವಾ?

ಪ್ಲಗ್ಗೂ ಬೇರೆ, ಲೆಕ್ಕವೂ ಬೇರೆ. ಅಲ್ಲಿ 230 ವೋಲ್ಟ್, ದುಂಡನೆಯ ನೀಲಿ ಪ್ಲಗ್, 16 ಆಂಪ್. ಆದರೆ ಎಷ್ಟೋ ಕಡೆ ಪೆಟ್ಟಿಗೆಯ ಬ್ರೇಕರ್ 10 ಅಥವಾ 6 ಆಂಪ್‌ನದು. 6 ಆಂಪ್ ಅಂದರೆ 1,380 ವ್ಯಾಟ್. ಮನೆಯ 2,000 ವ್ಯಾಟ್ ಕೆಟಲ್ ಹಾಕಿದರೆ ಬೀಳುತ್ತದೆ. ನೀರು ಗ್ಯಾಸಿನಲ್ಲೇ ಕಾಯಿಸಿ.

ಬಾಡಿಗೆ ಗಾಡಿ ಕೈಗೆ ತೆಗೆದುಕೊಳ್ಳುವಾಗ ಕರೆಂಟಿನ ಕಡೆ ಏನೇನು ನೋಡಬೇಕು?

ಕೇಬಲ್ ಪೂರ್ತಿ ಹೊರಗೆ ಎಳೆಸಿ. ಎರಡೂ ತುದಿಯ ಕಡ್ಡಿಗಳ ಫೋಟೋ ತೆಗೆದುಕೊಳ್ಳಿ, ಕಂದು ಬಣ್ಣ ಇದ್ದರೆ ಅಲ್ಲೇ ಬೇರೆ ಕೇಬಲ್ ಕೇಳಿ. ಡಾಗ್‌ಬೋನ್ ಮತ್ತು 15ರ ಅಡಾಪ್ಟರ್ ಜೊತೆಗೆ ಕೊಡುತ್ತಾರಾ ಕೇಳಿ. ಅವರ ಅಂಗಳದಲ್ಲೇ ಪ್ಲಗ್ ಹಾಕಿಸಿ, ಎಸಿ ಮತ್ತು ಮೈಕ್ರೋವೇವ್ ಓಡಿಸಿ ನೋಡಿ. ಆಮೇಲೆ ಕೇಬಲ್ ತೆಗೆಸಿ ಜನರೇಟರ್ ಮೇಲೂ ಅದನ್ನೇ ಮಾಡಿ. ಜನರೇಟರ್ ಶುರುವಾದ ಮೇಲೆ ಗಾಡಿಗೆ ಕರೆಂಟು ಬರಲು ಅರ್ಧ ನಿಮಿಷದಷ್ಟು ಹಿಡಿಯಬಹುದು, ಒಳಗಿನ ಸ್ವಿಚ್ ಹೊರಳಲು ಆ ಹೊತ್ತು ಬೇಕು. ಕೆಲವು ಗಾಡಿಗಳಲ್ಲಿ ಆ ಸ್ವಿಚ್ಚೇ ಇರುವುದಿಲ್ಲ. ಕೇಬಲ್ಲಿನ ಗೂಡಿನೊಳಗೆ ಒಂದು ಸಾಕೆಟ್ ಇರುತ್ತದೆ, ಜನರೇಟರ್ ಹಾಕುವಾಗ ಕೇಬಲ್ಲನ್ನು ಅಲ್ಲಿಗೇ ಚುಚ್ಚಬೇಕು. ನಿಮ್ಮ ಗಾಡಿ ಎಂಥದ್ದು ಅಂತ ಅಂಗಳ ಬಿಡುವ ಮೊದಲೇ ಕೇಳಿಕೊಳ್ಳಿ.